ಎರಡನೇ ಆಪರೇಷನ್‌ಗೆ ಮುಂಚೆ ಮೂಗಿಗೆ ಫಿಲ್ಲರ್ ಹಾಕಿಸಬಹುದಾ?

ನಾನು ಮೂಗಿನ ಆಪರೇಷನ್ ಮಾಡುವ ಡಾಕ್ಟರ್ ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆಗಳಲ್ಲಿ ಇದು ಈಗೀಗ ಎಲ್ಲಕ್ಕಿಂತ ಮುಂದಿದೆ. “ಒಂದು ಸಲ ಮೂಗಿನ ಆಪರೇಷನ್ ಆಗಿದೆ ಡಾಕ್ಟ್ರೇ. ಸರಿಯಾಗಿ ಬಂದಿಲ್ಲ. ತಿದ್ದೋದಕ್ಕೆ ಇನ್ನೊಂದು ಆಪರೇಷನ್ ಬೇಕಂತೆ, ಅದಕ್ಕೆ ಒಂದು ವರ್ಷ ಕಾಯಬೇಕಂತೆ. ಅಲ್ಲಿವರೆಗೆ ಫಿಲ್ಲರ್ ಹಾಕಿಸ್ಕೊಂಡು ಸುಧಾರಿಸಬಹುದಾ?”

ಹೆಚ್ಚಿನವರಿಗೆ ನನ್ನ ಉತ್ತರ, ಬೇಡ. ಎರಡನೇ ಆಪರೇಷನ್ ಮಾಡಿಸುವುದು ಖಂಡಿತ ಅಂತಿದ್ದರೆ ಬೇಡವೇ ಬೇಡ. ಇನ್ನು ಆಪರೇಷನ್‌ನ ಸಹವಾಸವೇ ಸಾಕು ಅನ್ನುವವರ ವಿಷಯ ಸ್ವಲ್ಪ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಫಿಲ್ಲರ್ ಅಂದರೆ ಚರ್ಮದ ಕೆಳಗೆ ಚುಚ್ಚಿ ತುಂಬುವ ಜೆಲ್. ಮೂಗಿಗೆ ಹೆಚ್ಚಾಗಿ ಹಾಕುವುದು ಹೈಲುರಾನಿಕ್ ಆಸಿಡ್ ಜೆಲ್. ನಮ್ಮ ಚರ್ಮದಲ್ಲಿ, ಕೀಲುಗಳಲ್ಲಿ ಇರುವ ವಸ್ತುವೇ ಅದು. ಬೇಡ ಅನ್ನಿಸಿದರೆ ಹೈಲುರಾನಿಡೇಸ್ ಎಂಬ ಕಿಣ್ವ ಚುಚ್ಚಿ ಕರಗಿಸಬಹುದು. ಒಂದು ಮೂಗಿಗೆ ಸಾಮಾನ್ಯವಾಗಿ ಒಂದು ಮಿಲಿಲೀಟರ್ ಕೂಡ ಬೇಕಾಗುವುದಿಲ್ಲ. ಹದಿನೈದು ನಿಮಿಷದ ಕೆಲಸ, ಸಂಜೆಗೆ ಮನೆ. ಕರಗುವ ವಸ್ತು ತಾನೇ, ಏನಾಗುತ್ತೆ ಅಂತ ಅನ್ನಿಸುವುದು ಸಹಜ.

ಏನಾಗುತ್ತೆ ಅಂತ ತಿಳಿಯಲು ಮೂಗಿಗೆ ರಕ್ತ ಎಲ್ಲಿಂದ ಬರುತ್ತದೆ ಅಂತ ನೋಡಬೇಕು. ತುದಿಗೆ ರಕ್ತ ಕೊಡುವ ನಾಳಗಳಲ್ಲಿ ಕೆಲವು ಎರಡು ಹೊಳ್ಳೆಗಳ ನಡುವಿನ ಕಂಬದೊಳಗೆ ಮೇಲೇರುತ್ತವೆ. ಇನ್ನು ಕೆಲವು ಕೆನ್ನೆಯ ಕಡೆಯಿಂದ, ಹೊಳ್ಳೆಯ ಮೇಲಿನ ಮಡಿಕೆಯ ಹತ್ತಿರದಿಂದ ಬರುತ್ತವೆ. ಮೇಲಿನಿಂದಲೂ ಒಂದು ನಾಳ ಇಳಿಯುತ್ತದೆ. ಅದು ಕಣ್ಣಿಗೆ ರಕ್ತ ಕೊಡುವ ನಾಳದ್ದೇ ಕವಲು. ಇವೆಲ್ಲ ಒಂದಕ್ಕೊಂದು ಕೂಡಿಕೊಂಡಿವೆ. ಆಪರೇಷನ್ ಆಗದ ಮೂಗಿನಲ್ಲಿ ಇದು ಒಳ್ಳೆಯದೇ. ಒಂದು ದಾರಿ ಮುಚ್ಚಿದರೆ ಇನ್ನೊಂದು ಇರುತ್ತದೆ.

ಓಪನ್ ವಿಧಾನದಲ್ಲಿ ಆಪರೇಷನ್ ಆದ ಮೂಗಿನಲ್ಲಿ ಆ ನಡುಗಂಬವನ್ನು ಅಡ್ಡಕ್ಕೆ ಕೊಯ್ದಿರುತ್ತೇವೆ. ಅಲ್ಲಿನ ನಾಳಗಳು ಕಡಿದುಹೋಗಿರುತ್ತವೆ. ತುದಿಯ ಚರ್ಮ ಹೆಚ್ಚಾಗಿ ಪಕ್ಕದ ನಾಳಗಳನ್ನೇ ನಂಬಿಕೊಂಡಿರುತ್ತದೆ. ಅವುಗಳಲ್ಲಿ ಒಂದಕ್ಕೆ ಜೆಲ್ ಹೊಕ್ಕರೆ, ಅಥವಾ ಪಕ್ಕದಲ್ಲಿ ಜೆಲ್ ಉಬ್ಬಿ ಅದನ್ನು ಅಮುಕಿದರೆ, ತುದಿಗೆ ರಕ್ತ ಸಾಲದೆ ಚರ್ಮ ಸಾಯಬಹುದು. ಸತ್ತ ಚರ್ಮ ಕಪ್ಪಾಗಿ ಉದುರಿದ ಮೇಲೆ ಅಲ್ಲಿ ಉಳಿಯುವ ಗುಳಿಯನ್ನು ತಿದ್ದುವುದು ಮೊದಲಿನ ಡೊಂಕನ್ನು ತಿದ್ದುವುದಕ್ಕಿಂತ ಎಷ್ಟೋ ಕಷ್ಟ.

ಇನ್ನೊಂದು ತೊಂದರೆ ಪದರಗಳದ್ದು. ಚಾಕು ಕಾಣದ ಮೂಗಿನಲ್ಲಿ ಚರ್ಮ, ಕೊಬ್ಬು, ತೆಳ್ಳನೆಯ ಸ್ನಾಯು, ಅದರ ಕೆಳಗೆ ಮೂಳೆ ಮತ್ತು ಕಾರ್ಟಿಲೇಜ್ (ಮೆದು ಮೂಳೆ) ಬೇರೆ ಬೇರೆ ಪದರಗಳಾಗಿ ಸರಿದಾಡುತ್ತವೆ. ದೊಡ್ಡ ನಾಳಗಳು ಹೆಚ್ಚಾಗಿ ಮೇಲಿನ ಪದರಗಳಲ್ಲಿವೆ. ಹಾಗಾಗಿ ಸೂಜಿಯನ್ನು ನಡುಗೆರೆಯಲ್ಲಿ, ಮೂಳೆಗೆ ತಾಗುವಷ್ಟು ಆಳಕ್ಕೆ ಇಳಿಸಿ ಚುಚ್ಚುವುದು ರೂಢಿ. ಆಪರೇಷನ್ ಆದ ಮೇಲೆ ಈ ಪದರಗಳು ಅಂಟು ಸುರಿದು ಒಣಗಿಸಿದ ಬಟ್ಟೆಯ ಮಡಿಕೆಗಳ ಹಾಗೆ ಒಂದಕ್ಕೊಂದು ಹಿಡಿದುಕೊಂಡುಬಿಟ್ಟಿರುತ್ತವೆ. ನಾಳ ಎಲ್ಲಿರಬೇಕೋ ಅಲ್ಲಿರುವುದಿಲ್ಲ. ಸೂಜಿ ಬಂದಾಗ ಪಕ್ಕಕ್ಕೆ ಸರಿಯಲೂ ಅದಕ್ಕೆ ಜಾಗವಿಲ್ಲ. ಸೂಜಿಯ ಬದಲು ಕ್ಯಾನುಲಾ ಎಂಬ ಮೊಂಡು ತುದಿಯ ತೆಳ್ಳನೆಯ ಕೊಳವೆ ಬಳಸಿದರೆ ಭಯವಿಲ್ಲ ಅನ್ನುತ್ತಾರೆ. ಮೆತ್ತನೆಯ ಜಾಗದಲ್ಲಿ ಆ ಮಾತಿಗೆ ಅರ್ಥವಿದೆ. ಗಟ್ಟಿ ಕಟ್ಟಿದ ಗಾಯದೊಳಗೆ ಅದನ್ನೂ ಬಲವಂತವಾಗಿ ನೂಕಬೇಕಾಗುತ್ತದೆ. ನೂಕಿದಾಗ ಅದು ಎಲ್ಲಿಗೆ ಹೋಗುತ್ತದೆ ಅನ್ನುವುದು ನಮ್ಮ ಕೈಯಲ್ಲಿರುವುದಿಲ್ಲ.

ಕಣ್ಣಿನ ಮಾತು ಎತ್ತಿದರೆ ಸುಮ್ನೆ ಹೆದರಿಸ್ತೀರಿ ಅನ್ನುತ್ತಾರೆ. ಆದರೂ ಹೇಳಲೇಬೇಕು. ನಾಳದೊಳಗೆ ಒತ್ತಡದಲ್ಲಿ ಹೊಕ್ಕ ಜೆಲ್ ರಕ್ತದ ಹರಿವಿಗೆ ಎದುರಾಗಿ ಹಿಂದಕ್ಕೆ ಹೋಗಿ ಕಣ್ಣಿನ ನಾಳವನ್ನು ಮುಚ್ಚಬಹುದು. 2015ರಲ್ಲಿ ಪ್ರಕಟವಾದ ಒಂದು ಪರಿಶೀಲನೆ ಜಗತ್ತಿನ ಬೇರೆ ಬೇರೆ ಕಡೆ ಫಿಲ್ಲರ್‌ನಿಂದ ದೃಷ್ಟಿಗೆ ಪೆಟ್ಟು ಬಿದ್ದ 98 ಪ್ರಕರಣಗಳನ್ನು ಒಟ್ಟು ಮಾಡಿತು. ಸುಮಾರು ಕಾಲು ಭಾಗದಲ್ಲಿ ಚುಚ್ಚಿದ ಜಾಗ ಮೂಗು. 2019ರಲ್ಲಿ ಅದರ ಮುಂದುವರಿಕೆಯಾಗಿ ಬಂದ ಪರಿಶೀಲನೆಯಲ್ಲಿ ಹೊಸ 48 ಪ್ರಕರಣಗಳಿದ್ದವು. ಈ ಸಲ ಅರ್ಧಕ್ಕಿಂತ ಜಾಸ್ತಿ ಮೂಗಿನವೇ. ಲಕ್ಷಗಟ್ಟಲೆ ಜನ ಫಿಲ್ಲರ್ ಹಾಕಿಸಿಕೊಳ್ಳುವಾಗ ಇದು ತೀರಾ ಅಪರೂಪ, ನಿಜ. ಆದರೆ ಹೋದ ದೃಷ್ಟಿ ಪೂರ್ತಿ ಮರಳುವುದು ಕೆಲವರಿಗಷ್ಟೇ. ಕಣ್ಣಿನ ರೆಟಿನಾ ರಕ್ತವಿಲ್ಲದೆ ಬಹಳ ಹೊತ್ತು ತಡೆಯುವುದಿಲ್ಲ. ಗಂಟೆ, ಒಂದೂವರೆ ಗಂಟೆಯ ಮಾತು.

ಚರ್ಮಕ್ಕೆ ರಕ್ತ ನಿಂತರೆ ಚುಚ್ಚಿದ ಕೂಡಲೇ ಜಾಗ ಬಿಳಿಚಿಕೊಳ್ಳುತ್ತದೆ. ಆಮೇಲೆ ಬಲೆ ಹೆಣೆದಂತೆ ನೀಲಿ ಬಣ್ಣ ಹರಡುತ್ತದೆ. ಜೋರು ನೋವು ಬರುತ್ತದೆ. ಆಗ ಒಂದು ನಿಮಿಷವೂ ತಡಮಾಡದೆ ಕಿಣ್ವ ಚುಚ್ಚಬೇಕು, ಬಣ್ಣ ಮರಳುವವರೆಗೆ ಮತ್ತೆ ಮತ್ತೆ. ಆದರೆ ಓಪನ್ ಆಪರೇಷನ್ ಆದ ಮೂಗಿನ ತುದಿ ತಿಂಗಳುಗಟ್ಟಲೆ ಜೋಮು ಹಿಡಿದಂತೆ ಇರುತ್ತದೆ. ಮೇಲಿಂದ ಫಿಲ್ಲರ್‌ನಲ್ಲೇ ಹೆಚ್ಚಾಗಿ ಮರಗಟ್ಟಿಸುವ ಔಷಧ ಬೆರೆಸಿರುತ್ತಾರೆ. ಎಚ್ಚರಿಸಬೇಕಾದ ನೋವು ಗೊತ್ತೇ ಆಗದಿರಬಹುದು. ನನ್ನನ್ನು ಹೆಚ್ಚು ಕಾಡುವುದು ಇದೇ.

ಫಿಲ್ಲರ್ ಹಾಕಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಇದ್ಯಾವುದೂ ಆಗುವುದಿಲ್ಲ. ಹಾಗಿದ್ದರೂ ಎರಡನೇ ಆಪರೇಷನ್‌ಗೆ ಅದು ಅಡ್ಡಿಯೇ. ಒಳಗಿನ ಕಾರ್ಟಿಲೇಜ್ ಎಷ್ಟು ಕುಸಿದಿದೆ, ಎಲ್ಲಿ ಎಷ್ಟು ಕಡಿಮೆಯಿದೆ ಅಂತ ನಾನು ಕೈಯಿಂದ ತಡವಿ ಅಳೆಯಬೇಕು. ಫಿಲ್ಲರ್ ಇದ್ದರೆ ತಡವುವುದು ಜೆಲ್ಲನ್ನು. ಅದು ಕರಗಿಹೋಗಿರುತ್ತೆ ಅಂತ ನಂಬುವ ಹಾಗೂ ಇಲ್ಲ. ಒಂದು ವರ್ಷ ಇರುತ್ತದೆ ಅಂತ ಹೇಳಿ ಮುಖಕ್ಕೆ ಹಾಕಿದ ಜೆಲ್ ಎಂಆರ್‌ಐಯಲ್ಲಿ ಹಲವು ವರ್ಷಗಳ ನಂತರವೂ ಕಂಡದ್ದಿದೆ. ಹಾಗಾಗಿ ಆಪರೇಷನ್‌ಗೆ ಮುಂಚೆ ಕಿಣ್ವ ಕೊಟ್ಟು ಕರಗಿಸಿ, ಊತ ಇಳಿಯಲು ಇನ್ನೂ ಕೆಲವು ವಾರ ಬಿಡುತ್ತೇವೆ. ಜೇನು, ಕಣಜ ಕಚ್ಚಿದಾಗ ಮೈಯೆಲ್ಲ ಊದಿಕೊಂಡು ಉಸಿರು ಕಟ್ಟಿದವರು ನೀವಾದರೆ ಮೊದಲೇ ಹೇಳಿ. ಆ ವಿಷದಲ್ಲೂ ಇದೇ ಜಾತಿಯ ಕಿಣ್ವ ಇರುತ್ತದೆ, ಅಲರ್ಜಿ ಆಗಬಹುದು.

ಎರಡನೇ ಸಲಕ್ಕೆ ಮೂಗಿನ ನಡುಗೋಡೆಯಲ್ಲಿ ಕಾರ್ಟಿಲೇಜ್ ಉಳಿದಿರುವುದು ಕಡಿಮೆ. ಕಿವಿಯಿಂದಲೋ ಪಕ್ಕೆಲುಬಿನಿಂದಲೋ ತೆಗೆದು ಹಾಕಬೇಕಾಗುತ್ತದೆ. ಕಾರ್ಟಿಲೇಜ್‌ಗೆ ತನ್ನದೇ ರಕ್ತನಾಳ ಇಲ್ಲ, ಸುತ್ತಲಿನ ಅಂಗಾಂಶದಿಂದಲೇ ಅದು ಬದುಕಬೇಕು. ಮೇಲೆ ಮುಚ್ಚುವ ಚರ್ಮ ಚೆನ್ನಾಗಿರಬೇಕು ಅಂತ ನಾವು ಹಟ ಹಿಡಿಯುವುದು ಅದಕ್ಕೇ.

ಕರಗದ ಫಿಲ್ಲರ್‌ಗಳ ಬಗ್ಗೆ ಚರ್ಚೆಯೇ ಬೇಡ. ಸಿಲಿಕೋನ್, ಪಿಎಂಎಂಎ ಎಂಬ ಪ್ಲಾಸ್ಟಿಕ್, ಇಂಥವು ಒಳಗೆ ಹೋದರೆ ಬಿಡಿಸಿ ತೆಗೆಯುವುದು ನರಕ. ಈ ಆಸೆ ಹಳೆಯದು ಬಿಡಿ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಯುರೋಪಿನ ಡಾಕ್ಟರುಗಳು ಮೂಗಿನ ಗುಳಿಗೆ ಪ್ಯಾರಾಫಿನ್ ಮೇಣ ತುಂಬುತ್ತಿದ್ದರು. ಆಗಿನ ಹೆಸರಾಂತ ಸುಂದರಿ ಗ್ಲ್ಯಾಡಿಸ್ ಡೀಕನ್ 1903ರ ಸುಮಾರಿಗೆ ಮೂಗು ಇನ್ನಷ್ಟು ನೇರವಾಗಲಿ ಅಂತ ಹಾಕಿಸಿಕೊಂಡ ಮೇಣ ಜಾರಿ ಗಲ್ಲದ ಕಡೆ ಇಳಿಯಿತು. ಅವರು ಮುಂದೆ ಮಾರ್ಲ್‌ಬರೋ ಡ್ಯೂಕ್‌ನ ಹೆಂಡತಿಯೂ ಆದರು. ಅಷ್ಟು ಹಣವಿದ್ದರೂ ಆ ಮೇಣವನ್ನು ಯಾರಿಗೂ ಸರಿಪಡಿಸಲಾಗಲಿಲ್ಲ.

“ಆಪರೇಷನ್ ಆದ ಮೇಲೆ ಹೇಗೆ ಕಾಣ್ತೀನಿ ಅಂತ ನೋಡೋದಕ್ಕಾದರೂ ಹಾಕಿಸಬಹುದಲ್ವಾ?” ಅಂತಲೂ ಕೇಳುತ್ತಾರೆ. ಫಿಲ್ಲರ್‌ಗೆ ಸೇರಿಸುವುದು ಮಾತ್ರ ಗೊತ್ತು, ಕಳೆಯುವುದು ಗೊತ್ತಿಲ್ಲ. ಉಬ್ಬಿನ ಮೇಲ್ಗಡೆಗೂ ಕೆಳಗಡೆಗೂ ತುಂಬಿ ಪಕ್ಕದಿಂದ ನೇರ ಕಾಣಿಸಬಹುದು. ಮೂಗು ಮಾತ್ರ ದೊಡ್ಡದೇ ಆಗಿರುತ್ತದೆ. ಡೊಂಕಾದ ನಡುಗೋಡೆ, ಕುಸಿದ ಹೊಳ್ಳೆ, ಕಟ್ಟಿದ ಉಸಿರು, ಇವಕ್ಕೂ ಅದು ಉತ್ತರವಲ್ಲ. ಮುಂದೆ ಹೇಗೆ ಕಾಣಬಹುದು ಅನ್ನುವುದಕ್ಕೆ ಕಂಪ್ಯೂಟರಿನಲ್ಲಿ ಫೋಟೋ ತಿದ್ದಿ ತೋರಿಸುತ್ತೇವೆ. ಅದು ಗ್ಯಾರಂಟಿಯಲ್ಲ, ಆದರೆ ಯಾರ ಚರ್ಮವೂ ಕಪ್ಪಾಗುವುದಿಲ್ಲ.

ಹಾಗಾದರೆ ಆ ಒಂದು ವರ್ಷ ಏನು ಮಾಡುವುದು? ಮೊದಲು, ಆ ವರ್ಷ ಯಾಕೆ ಅಂತ ತಿಳಿದರೆ ಅರ್ಧ ಸಂಕಟ ಇಳಿಯುತ್ತದೆ. ಊತದ ದೊಡ್ಡ ಪಾಲು ಮೊದಲ ಕೆಲವು ತಿಂಗಳಲ್ಲಿ ಹೋಗುತ್ತದೆ, ತುದಿಯದು ಕೊನೆಗೆ. ದಪ್ಪ ಚರ್ಮದವರಿಗೆ ಒಂದು ವರ್ಷಕ್ಕಿಂತಲೂ ಜಾಸ್ತಿ ಹಿಡಿಯುತ್ತದೆ. ನಾಲ್ಕನೇ ತಿಂಗಳಲ್ಲಿ ಅಳು ಬರಿಸಿದ ಉಬ್ಬು ಹತ್ತನೇ ತಿಂಗಳಲ್ಲಿ ತಾನಾಗಿ ಇಳಿದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ತುದಿಯ ಮೇಲಿನ ಊತ ಹಟ ಹಿಡಿದರೆ ಟೇಪ್ ಹಾಕಬಹುದು. ಸ್ಟೀರಾಯ್ಡ್ ಇಂಜೆಕ್ಷನ್ ಸ್ವಲ್ಪವೇ ಸ್ವಲ್ಪ ಕೊಡಬಹುದು. ಅತಿಯಾದರೆ ಚರ್ಮ ತೆಳ್ಳಗಾಗುತ್ತದೆ, ಹಾಗಾಗಿ ಅದನ್ನು ಆಪರೇಷನ್ ಮಾಡಿದವರೇ ನಿರ್ಧರಿಸಲಿ. ಸೋಂಕು ಇದ್ದರೆ, ಒಳಗಿಟ್ಟ ಇಂಪ್ಲಾಂಟ್ ಹೊರಗೆ ತಳ್ಳಿಕೊಂಡು ಬರುತ್ತಿದ್ದರೆ ವರ್ಷ ಕಾಯುವ ನಿಯಮ ಲೆಕ್ಕಕ್ಕಿಲ್ಲ, ತಕ್ಷಣ ಹೋಗಿ.

ಈಗ ಆಪರೇಷನ್ ಸಾಕು ಅನ್ನುವವರ ವಿಷಯ. ವರ್ಷ ದಾಟಿದೆ, ಊತ ಇಳಿದಿದೆ, ಉಸಿರಾಟ ಚೆನ್ನಾಗಿದೆ, ಮೂಗಿನ ಮೇಲಿನ ಏಣಿನಲ್ಲಿ ಒಂದು ಚಿಕ್ಕ ಗುಳಿ ಮಾತ್ರ ಉಳಿದಿದೆ. ಇಷ್ಟಕ್ಕಾಗಿ ಮತ್ತೆ ಅರಿವಳಿಕೆ, ಮತ್ತೆ ಪ್ಲಾಸ್ಟರ್ ಬೇಡ ಅನ್ನುವುದು ಸರಿಯಾದ ಯೋಚನೆಯೇ. ಇಂಥವರಿಗೆ ಫಿಲ್ಲರ್ ಅನ್ನು ನಾನು ಅಲ್ಲಗಳೆಯುವುದಿಲ್ಲ. ತುದಿಗೆ, ಹೊಳ್ಳೆಯ ಬದಿಗೆ ಮಾತ್ರ ಬೇಡ. ಹೈಲುರಾನಿಕ್ ಆಸಿಡ್ ಬಿಟ್ಟು ಬೇರೆ ಬೇಡ. ಹನಿಯಷ್ಟು ಹಾಕಿ, ನಿಲ್ಲಿಸಿ, ಚರ್ಮದ ಬಣ್ಣ ನೋಡಿ, ಸಾಲದಿದ್ದರೆ ಕೆಲವು ವಾರ ಬಿಟ್ಟು ಇನ್ನೊಂದು ಹನಿ. ಆಪರೇಷನ್ ಆದ ಮೂಗುಗಳಿಗೆ ಚುಚ್ಚಿ ಅಭ್ಯಾಸವಿರುವ ಡಾಕ್ಟರೇ ಆಗಬೇಕು. ಕಿಣ್ವ ಅದೇ ಕೋಣೆಯಲ್ಲಿದೆಯಾ ಅಂತ ಕೇಳಿ. “ಬೇಕಾದರೆ ತರಿಸುತ್ತೇವೆ” ಅಂದರೆ ಎದ್ದು ಬನ್ನಿ.

ಈಗಾಗಲೇ ಹಾಕಿಸಿಕೊಂಡಿದ್ದೀರಾ? ಗಾಬರಿ ಬೇಡ, ಮುಚ್ಚಿಡಲೂ ಬೇಡ. ಬೈಸಿಕೊಳ್ಳುವ ಭಯಕ್ಕೆ ಎಷ್ಟೋ ಜನ ಹೇಳುವುದೇ ಇಲ್ಲ, ಆಪರೇಷನ್ ಟೇಬಲ್ ಮೇಲೆ ಜೆಲ್ ಸಿಕ್ಕಾಗ ನಮಗೆ ಗೊತ್ತಾಗುತ್ತದೆ. ಸಿರಿಂಜ್ ಡಬ್ಬಿಯಲ್ಲಿ ಹೆಸರು ಮತ್ತು ಬ್ಯಾಚ್ ನಂಬರ್ ಇರುವ ಚಿಕ್ಕ ಸ್ಟಿಕ್ಕರ್ ಬರುತ್ತದೆ. ಹಾಕಿಸಿಕೊಂಡ ಕಡೆ ಅದನ್ನು ಕೇಳಿ ಪಡೆಯಿರಿ. ಯಾವ ತಾರೀಕು, ಎಲ್ಲೆಲ್ಲಿ, ಎಷ್ಟು ಅಂತ ಬರೆಸಿಕೊಳ್ಳಿ. ಮೊದಲ ಆಪರೇಷನ್‌ನ ವರದಿಯ ಜೊತೆ ಅದನ್ನೂ ಹಿಡಿದುಕೊಂಡು ಬಂದರೆ, ಕರಗಿಸಬೇಕಾ, ಎಷ್ಟು ದಿನ ಕಾಯಬೇಕು ಅಂತ ಮೊದಲ ಭೇಟಿಯಲ್ಲೇ ಹೇಳಬಹುದು.