ದಾರಿ ಬಿಟ್ಟ ಪದ

ಕೊಪ್ಪಳದ ಬಸ್ ನಿಲ್ದಾಣದಲ್ಲಿ ಮಿರ್ಚಿ ಕಟ್ಟಿಕೊಟ್ಟ ಹಳೆಯ ಪತ್ರಿಕೆಯಲ್ಲಿ, ಎಣ್ಣೆ ಕಲೆಯ ನಡುವೆ ‘ವ್ಯಭಿಚಾರ’ ಎಂಬ ದಪ್ಪಕ್ಷರ. ಅದು ಅಪರಾಧವಲ್ಲವೆಂದು 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಸುದ್ದಿ. ಇಷ್ಟು ವರ್ಷ ಯಾರ ಅಟ್ಟದಲ್ಲಿತ್ತೋ!

ಆಚಾರ, ವಿಚಾರ, ಸಂಚಾರಗಳ ಒಡಹುಟ್ಟು ಈ ಪದ. ಎಲ್ಲಕ್ಕೂ ‘ಚರ್’, ಅಂದರೆ ನಡೆಯುವುದೇ ಮೂಲ. ಇದು ದಾರಿ ಬಿಟ್ಟು ನಡೆದದ್ದು, ಅಷ್ಟೇ. ತರ್ಕಶಾಸ್ತ್ರದವರಿಗೆ ವ್ಯಭಿಚಾರವೆಂದರೆ ಕೈಕೊಡುವ ಕಾರಣ: ಬೆಂಕಿ ಇದೆ, ಹಾಗಾಗಿ ಹೊಗೆಯೂ ಇದೆ ಎನ್ನುವಂತಿಲ್ಲ, ಕೆಂಪಗೆ ಕಾದ ಕಬ್ಬಿಣದಲ್ಲಿ ಹೊಗೆ ಎಲ್ಲಿದೆ?

ನಮ್ಮ ಅಜ್ಜಿಗೆ ಇದ್ಯಾವುದೂ ಬೇಕಿರಲಿಲ್ಲ. ಅವಳದು ‘ಹಾದರ’, ಹಳಗನ್ನಡದ ಪಾದರ. ಸೆರಗನ್ನು ಬಾಯಿಗೆ ಅಡ್ಡ ಹಿಡಿದೇ ಹೇಳುತ್ತಿದ್ದಳು.

ಪಕ್ಕದಲ್ಲಿದ್ದ ಹಿರಿಯರು ಇಣುಕಿ ಓದಿ, ‘ಮಡಚಿಡಪ್ಪಾ, ಸಣ್ಣ ಹುಡುಗರಿದ್ದಾರೆ’ ಎಂದರು.