ಲೀಸ್ ಫೆರಿಯಿಂದ ಮೊದಲ ದಿನ

ಗ್ರ್ಯಾಂಡ್ ಕ್ಯಾನ್ಯನ್ ಕಮರಿಯೊಳಗೆ ಕೊಲರಾಡೊ ನದಿಯ ಮೇಲೆ ಹಲವು ದಿನ ತೇಲಿಕೊಂಡು ಹೋಗುವ ಪ್ರವಾಸಗಳು ಸಾಮಾನ್ಯವಾಗಿ ಅರಿಜೋನದ ಲೀಸ್ ಫೆರಿಯಿಂದ ಹೊರಡುತ್ತವೆ. ನದಿಯ ಮೈಲಿ ಲೆಕ್ಕ ಸೊನ್ನೆಯಿಂದ ಶುರುವಾಗುವುದೂ ಇಲ್ಲಿಂದಲೇ. ನಾವು ಹೊರಟದ್ದು ಆಗಸ್ಟ್ ತಿಂಗಳಲ್ಲಿ. ರಬ್ಬರ್ ರಾಫ್ಟ್‌ಗಳ ಮೇಲೆ ಐಸ್ ಪೆಟ್ಟಿಗೆ, ಪಾತ್ರೆಪಡಗ, ಹಾಸಿಗೆಯ ಚೀಲಗಳನ್ನೆಲ್ಲ ಪಟ್ಟಿಯಿಂದ ಬಿಗಿದು ಮುಗಿಸುವಷ್ಟರಲ್ಲಿ ದಡದ ಮರಳು ಬರಿಗಾಲಿಡಲಾಗದಷ್ಟು ಕಾದಿತ್ತು. ರಾಫ್ಟ್ ಮಗುಚಿದರೂ ಒಂದು ಸೌಟು ಕೂಡ ನೀರುಪಾಲಾಗಬಾರದು ಎಂಬುದು ನಮ್ಮ ಗೈಡ್ ಹಾಕಿದ ಷರತ್ತು.

ಅಷ್ಟು ಬಿಸಿಲಿನಲ್ಲಿ ನೀರಿಗೆ ಕಾಲಿಟ್ಟರೆ ಪಾದ ಜೋಮು ಹಿಡಿಯುತ್ತದೆ. ಸುಮಾರು 25 ಕಿ.ಮೀ. ಮೇಲಕ್ಕಿರುವ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ಜಲಾಶಯದ ಆಳದಿಂದ ನೀರು ಬಿಡುವುದರಿಂದ, ಹಿಂದೆ ಬೇಸಿಗೆಯಲ್ಲಿ ಬೆಚ್ಚಗೆ, ಕೆಸರಾಗಿ ಹರಿಯುತ್ತಿದ್ದ ನದಿ ಈಗ ಇಲ್ಲಿ ತಣ್ಣಗೆ, ತಿಳಿಯಾಗಿ ಹರಿಯುತ್ತದೆ. ಹೂಳೆಲ್ಲ ಜಲಾಶಯದಲ್ಲೇ ಉಳಿಯುವುದರಿಂದ ಕಮರಿಯ ಮರಳು ದಂಡೆಗಳು ವರ್ಷದಿಂದ ವರ್ಷಕ್ಕೆ ಸವೆದಿವೆ. ಹೊರಟ ಸ್ವಲ್ಪ ಹೊತ್ತಿಗೆ ಬಲಗಡೆಯಿಂದ ಪರಿಯಾ ನದಿ ಬಂದು ಸೇರಿತು. ಮೇಲೆಲ್ಲೋ ಮಳೆಯಾಗಿದ್ದಿರಬೇಕು; ಕೆಮ್ಮಣ್ಣು ಕದಡಿದ ನೀರು ಹಸಿರು ನೀರಿನ ಪಕ್ಕದಲ್ಲೇ ಬೇರೆಯಾಗಿ ಹರಿದು, ಆಮೇಲೆ ನಿಧಾನವಾಗಿ ಬೆರೆಯಿತು.

ಕಮರಿ ಆಳವಾಗುವ ಬಗೆ ವಿಚಿತ್ರ. ನದಿ ಇಳಿಯುತ್ತಿದ್ದರೂ ಬಂಡೆಯ ಪದರಗಳೇ ನೀರಿನೊಳಗಿಂದ ಒಂದೊಂದಾಗಿ ಎದ್ದು ಬರುತ್ತಿರುವಂತೆ ಕಾಣುತ್ತದೆ: ಮೊದಲು ಸುಮಾರು 27 ಕೋಟಿ ವರ್ಷ ಹಳೆಯ ಕೈಬಾಬ್ ಸುಣ್ಣಕಲ್ಲು, ಮುಂದೆ ಅದರ ಅಡಿಯಿಂದ ಇನ್ನೂ ಹಳೆಯ ಕೊಕೊನಿನೊ ಮರಳುಗಲ್ಲು. ಇದು ಒಂದು ಕಾಲದ ಮರಳುಗಾಡು; ಅಂದು ಗಾಳಿ ರಾಶಿ ಹಾಕಿದ ಮರಳ ದಿಬ್ಬಗಳ ಓರೆ ಗೆರೆಗಳು ಕಲ್ಲಿನಲ್ಲಿ ಇಂದಿಗೂ ಸ್ಪಷ್ಟವಾಗಿವೆ. ನಾಲ್ಕನೆಯ ಮೈಲಿಯಲ್ಲಿ ನವಾಹೊ ಸೇತುವೆಗಳು ಸುಮಾರು 140 ಮೀಟರ್ ಎತ್ತರದಲ್ಲಿ ತಲೆಯ ಮೇಲೆ ಹಾದುಹೋದವು. ಒಂದು 1929ರದು, ಇನ್ನೊಂದು 1995ರದು.

ಎಂಟನೆಯ ಮೈಲಿಯ ಬ್ಯಾಜರ್ ಕ್ರೀಕ್ ನಮ್ಮ ಮೊದಲ ದೊಡ್ಡ ರ‍್ಯಾಪಿಡ್, ಅಂದರೆ ನೀರು ರಭಸದಿಂದ ನೊರೆಯೆಬ್ಬಿಸಿ ಇಳಿಯುವ ಜಾಗ. ಅಕ್ಕಪಕ್ಕದ ಹಳ್ಳಗಳು ಮಳೆಗೆ ಉಕ್ಕಿ ಬಂಡೆಗಳನ್ನು ನದಿಗೆ ತಂದು ಸುರಿಯುತ್ತವೆ. ಅವು ನೀರನ್ನು ತಡೆದು ಇಕ್ಕಟ್ಟಾಗಿಸಿದಲ್ಲೆಲ್ಲ ಇಂಥ ರ‍್ಯಾಪಿಡ್ ಹುಟ್ಟುತ್ತದೆ. ಹಾಗಾಗಿ ಅದಕ್ಕೆ ಮುಂಚೆ ನೀರು ಕೆರೆಯಂತೆ ನಿಂತು, ಎದುರಿಗೆ ಒಂದು ಅಂಚು ಮಾತ್ರ ಕಾಣಿಸಿ, ಅಂಚಿನಾಚೆಯಿಂದ ಮೊರೆತವಷ್ಟೇ ಕೇಳುತ್ತದೆ. ಗೈಡ್ ಪ್ರತಿಯೊಬ್ಬರ ಲೈಫ್ ಜಾಕೆಟ್ ಪಟ್ಟಿಯನ್ನು ಜಗ್ಗಿ ನೋಡಿದರು. ರೈಲು ಮಾರ್ಗದ ಸರ್ವೇಗೆ ಬಂದಿದ್ದ ಫ್ರ್ಯಾಂಕ್ ಬ್ರೌನ್ 1889ರಲ್ಲಿ ಇಲ್ಲಿಂದ ಕೆಲವೇ ಮೈಲಿ ಮುಂದೆ ಮುಳುಗಿ ಸತ್ತಾಗ ಆ ತಂಡದ ಬಳಿ ಲೈಫ್ ಜಾಕೆಟ್‌ಗಳೇ ಇರಲಿಲ್ಲ. ಅಂಚು ದಾಟಿದ್ದೇ ತಡ ಮೊದಲ ಅಲೆ ಎದೆಗೆ ಅಪ್ಪಳಿಸಿತು. ಉಸಿರು ಕಟ್ಟಿದ್ದು ಭಯಕ್ಕಿಂತ ಹೆಚ್ಚಾಗಿ ಚಳಿಗೆ. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ರ‍್ಯಾಪಿಡ್ ಮುಗಿದಿತ್ತು.

ಸೋಪ್ ಕ್ರೀಕ್ ಬಳಿ ರಾತ್ರಿ ತಂಗಿದೆವು. ಪಾತ್ರೆ ತೊಳೆದ ನೀರನ್ನು ಸೋಸಿ ನದಿಗೇ ಚೆಲ್ಲಬೇಕು, ಸೋಸಿ ಉಳಿದ ಅಗುಳನ್ನು ಕಸದೊಂದಿಗೆ ಹೊತ್ತೊಯ್ಯಬೇಕು. ಮಲವನ್ನೂ ಪೆಟ್ಟಿಗೆಯಲ್ಲಿ ತುಂಬಿಕೊಂಡೇ ಹೋಗಬೇಕು. ಅಡುಗೆಗೆ ಮುಂಚೆ ಗೈಡ್ ನೀರಂಚಿನಲ್ಲಿ ಒಂದು ಕಡ್ಡಿ ನೆಟ್ಟಿದ್ದರು. ಊಟ ಮುಗಿಯುವಷ್ಟರಲ್ಲಿ ನೀರು ಅದರಿಂದ ಒಂದು ಮೊಳ ಹಿಂದೆ ಸರಿದಿತ್ತು. ಅಣೆಕಟ್ಟಿನವರು ವಿದ್ಯುತ್ ಬೇಡಿಕೆಗೆ ತಕ್ಕಂತೆ ನೀರು ಬಿಡುವುದರಿಂದ, ಎಲ್ಲೋ ದೂರದ ಊರುಗಳಲ್ಲಿ ಎ.ಸಿ.ಗಳು ಓಡಿದಂತೆ ಇಲ್ಲಿ ನದಿ ಏರಿಳಿಯುತ್ತದೆ. ಗಣೇಶಗುಡಿಯ ಕಾಳಿ ನದಿಯಲ್ಲೂ ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟರಷ್ಟೇ ರಾಫ್ಟಿಂಗ್ ಎಂದು ಬಲ್ಲ ನನಗೆ ಇದು ಹೊಸದಾಗಬೇಕಿರಲಿಲ್ಲ. ಆದರೂ ಇಷ್ಟು ಹೆಸರಾದ ಕಾಡು ನದಿಯೂ ಸ್ವಿಚ್ಚಿನ ಮಾತು ಕೇಳುವುದು ಅಷ್ಟೇನೂ ಹಿಡಿಸಲಿಲ್ಲ. ಸಾಮಾನು ತುಂಬಿದ ರಾಫ್ಟ್ ಬೆಳಿಗ್ಗೆ ಒಣ ಮರಳಿನ ಮೇಲೆ ಕೂತುಬಿಟ್ಟರೆ ಎಳೆಯುವುದು ಯಾರಿಂದಲೂ ಆಗದ ಕೆಲಸವಾದ್ದರಿಂದ, ಮಲಗುವ ಮುನ್ನ ಎಲ್ಲರೂ ಸೇರಿ ಅವನ್ನು ಆಳಕ್ಕೆ ನೂಕಿ, ಹಗ್ಗ ಸಡಿಲ ಬಿಟ್ಟು ಕಟ್ಟಿದೆವು.