ಟೈರ್ ಬದಲಾಯಿಸಿದ್ರೂ ಹೋಗದ ಗುಂಯ್

ಇವತ್ತು ಬಂದ ಕಾರಿಗೆ ಎರಡು ಹೊಸ ಟೈರು. ಗುಂಯ್ ಸದ್ದು ಮಾತ್ರ ಹಾಗೇ ಇದೆ.

ಟೈರಿನ ಸದ್ದು ರಸ್ತೆ ಬದಲಾದರೆ ಬದಲಾಗುತ್ತೆ. ವೀಲ್ ಬೇರಿಂಗಿನದ್ದು (ಚಕ್ರ ಸಲೀಸಾಗಿ ತಿರುಗೋಕೆ ನಡುವೆ ಇರೋ, ಒಳಗೆ ಗುಂಡುಗಳಿರೋ ಬಳೆ) ಸ್ಪೀಡಿನ ಜೊತೆ ಏರುತ್ತೆ, ನ್ಯೂಟ್ರಲ್‌ಗೆ ಹಾಕಿದರೂ ನಿಲ್ಲಲ್ಲ. 60ರಲ್ಲಿ ಹೋಗ್ತಾ ಸ್ಟೀರಿಂಗ್ ಸ್ವಲ್ಪ ಎಡಕ್ಕೆ ತಿರುಗಿಸಿದರೆ ಭಾರ ಬಲಕ್ಕೆ ವಾಲುತ್ತೆ. ಆಗ ಸದ್ದು ಜೋರಾದರೆ ಹೆಚ್ಚಾಗಿ ಬಲಗಡೆಯದ್ದೇ.

ಕೆಲವರು ಜ್ಯಾಕ್ ಹಾಕಿ, ಚಕ್ರ ಅಲ್ಲಾಡಿಸಿ, 'ಪ್ಲೇ ಇಲ್ಲ, ಬೇರಿಂಗ್ ಚೆನ್ನಾಗಿದೆ' ಅಂದುಬಿಡ್ತಾರೆ. ಪ್ಲೇ, ಅಂದ್ರೆ ಸಡಿಲ ಅಲ್ಲಾಟ, ಬರೋದು ಎಷ್ಟೋ ಸಲ ಕೊನೆಗೆ. ಒಂದು ಕೈ ಸಸ್ಪೆನ್ಷನ್ ಸ್ಪ್ರಿಂಗ್ ಮೇಲಿಟ್ಟು ಇನ್ನೊಂದರಲ್ಲಿ ಚಕ್ರ ತಿರುಗಿಸಿ. ಬೇರಿಂಗ್ ಹಾಳಾಗಿದ್ರೆ ಬೀಸೋಕಲ್ಲಿನ ಹಾಗೆ ಗರಗರ, ಬೆರಳಿಗೇ ತಿಳಿಯುತ್ತೆ.

ಹೊಸ ಬೇರಿಂಗನ್ನ ನಕಲ್ (knuckle, ಬೇರಿಂಗ್ ಕೂರೋ ಲೋಹದ ಭಾಗ) ಒಳಗೆ ಒತ್ತುವಾಗ ಪ್ರೆಸ್ಸಿನ ಬಲ ಔಟರ್ ರೇಸ್ (ಬೇರಿಂಗಿನ ಹೊರ ಬಳೆ) ಮೇಲೆ ಮಾತ್ರ. ಹಬ್ (ಚಕ್ರ ಬೋಲ್ಟ್ ಆಗೋ ಭಾಗ) ಕೂರಿಸುವಾಗ ಇನ್ನರ್ ರೇಸ್‌ಗೆ (ಒಳ ಬಳೆಗೆ) ಕೆಳಗಿಂದ ಆಸರೆ. ಅದಲುಬದಲಾದ್ರೆ ಬಲವೆಲ್ಲ ಗುಂಡುಗಳ ಮೇಲೆ ಬಿದ್ದು ರೇಸಿನಲ್ಲಿ ಸಣ್ಣ ಕುಳಿ ಆಗುತ್ತೆ. ಹೊಸ ಬೇರಿಂಗೂ ಬೇಗನೆ ಹಾಡೋಕೆ ಶುರು. ಸುತ್ತಿಗೆಯಂತೂ ಬೇಡವೇ ಬೇಡ.

ಬೇರಿಂಗಿನಲ್ಲೇ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯೋ ವ್ಯವಸ್ಥೆ) ಮ್ಯಾಗ್ನೆಟ್ ಇದ್ದರೆ ಆ ಮುಖ ಚಕ್ರದ ವೇಗ ಅಳೆಯೋ ಸೆನ್ಸರ್ ಕಡೆಗೆ. ತಿರುವುಮುರುವಾದ್ರೆ ಡ್ಯಾಶ್‌ಬೋರ್ಡಲ್ಲಿ ದೀಪ ಹೊತ್ತುತ್ತೆ, ಬಿಚ್ಚೋಕೆ ಹೋದ್ರೆ ಹೊಸ ಬೇರಿಂಗೂ ಹಾಳು.

ಹಬ್ಬನ್ನ ಹಿಡಿದಿಡೋ ಆಕ್ಸಲ್ ನಟ್ ಹೊಸದೇ ಹಾಕಿ, ಬಿಗಿತ ಅಳೆಯೋ ಟಾರ್ಕ್ ರೆಂಚಲ್ಲೇ ಬಿಗಿ ಮಾಡಿ.